ಸೂಲಗಿತ್ತಿಯ ಕೈ, ಚರಿತ್ರೆಯ ಲೆಕ್ಕ

ಶಿರಾ, ಮಧುಗಿರಿ, ಪಾವಗಡದ ಚರಿತ್ರೆ ಅಂದರೆ ನಮಗೆ ಪಾಳೆಯಗಾರರು, ಸುಬೇದಾರರು, ಕೋಟೆಗಳು. ಆ ಕೋಟೆಗಳ ಆಚೆಯ ಗುಡಿಸಲುಗಳಲ್ಲಿ ಹೆರಿಗೆ ಮಾಡಿಸಿದವರು ಯಾರು ಅಂತ ಎಷ್ಟು ಜನ ಚರಿತ್ರೆಕಾರರು ಕೇಳಿದ್ದಾರೆ?

ಪಾವಗಡ ತಾಲ್ಲೂಕಿನ ಕೃಷ್ಣಾಪುರದ ನರಸಮ್ಮ ಶಾಲೆಗೆ ಹೋದವರಲ್ಲ. ಮನೆಮಾತು ತೆಲುಗು. ಹನ್ನೆರಡಕ್ಕೇ ಮದುವೆ. ಹೆತ್ತ ಹನ್ನೆರಡು ಮಕ್ಕಳಲ್ಲಿ ನಾಲ್ಕು ಎಳವೆಯಲ್ಲೇ ತೀರಿಕೊಂಡವು. ಹೆರಿಗೆಯ ವಿದ್ಯೆ ಅಜ್ಜಿಯಿಂದ ಬಂತು. ಬಸುರಿಯರಿಗೆ ಕೊಡುವ ಗಿಡಮೂಲಿಕೆಯ ತಿಳಿವಳಿಕೆ ಊರಿಗೆ ಬಂದುಹೋಗುತ್ತಿದ್ದ ಅಲೆಮಾರಿಗಳಿಂದ. 1940ರ ಸುಮಾರಿಗೆ, ಇಪ್ಪತ್ತರ ಪ್ರಾಯದಲ್ಲಿ, ಬಂಧುವೊಬ್ಬಳ ಹೆರಿಗೆಗೆ ಕೈಹಾಕಿದರು. ಆಮೇಲೆ ಏಳು ದಶಕ ದುಡ್ಡು ಮುಟ್ಟದೆ ಮಾಡಿಸಿದ ಹೆರಿಗೆಗಳು 15,000 ಅಂತ ಅಂದಾಜು.

ಅಕ್ಷರ ಲೋಕಕ್ಕೆ ಅವರು ಕಂಡದ್ದು ತೊಂಬತ್ತು ದಾಟಿದ ಮೇಲೆ. 2014ರಲ್ಲಿ ತುಮಕೂರು ವಿಶ್ವವಿದ್ಯಾಲಯದ ಗೌರವ ಡಾಕ್ಟರೇಟ್, 2018ರಲ್ಲಿ ಪದ್ಮಶ್ರೀ. ಅದೇ ವರ್ಷ ಡಿಸೆಂಬರ್ 25ರಂದು ತೀರಿಕೊಂಡರು.

ನಾವು ಅವರನ್ನು ‘ಮಹಾತಾಯಿ’ ಅಂದೆವು, ಅವರ ದುಡಿಮೆಯನ್ನು ‘ನಿಸ್ವಾರ್ಥ ಸೇವೆ’ ಅಂದೆವು. ದಲಿತ ವಿಮರ್ಶೆ ತಡೆದು ನಿಲ್ಲಬೇಕಾದ್ದು ಈ ಮಾತುಗಳ ಎದುರು. ಡಾಕ್ಟರದ್ದು ವೃತ್ತಿ, ಸೂಲಗಿತ್ತಿಯದ್ದು ಸೇವೆ. ವೃತ್ತಿಗೆ ಸಂಬಳವುಂಟು, ಪಿಂಚಣಿಯುಂಟು. ಸೇವೆಗೆ ಹಾರ, ಶಾಲು.

ಈ ಭೇದ ಸುಮ್ಮನೆ ಹುಟ್ಟಿದ್ದಲ್ಲ. ಹೆರಿಗೆಯ ರಕ್ತ, ಮಾಸು ಮೈಲಿಗೆ ಅಂದ ಸಮಾಜ, ಅದನ್ನು ಮುಟ್ಟುವ ಕೆಲಸವನ್ನು ಎಷ್ಟೋ ಕಡೆ ಕೆಳಜಾತಿಯ ಹೆಂಗಸರಿಗೇ ಬಿಟ್ಟಿತು. ಮಗು ಹಿಡಿಯೋಕೆ ಬೇಕಾದ ಕೈಯಿಂದ ನೀರು ಕುಡಿಯೋಕೆ ಮಾತ್ರ ಆಗದು! ಇದೇ ಸೀಮೆಯ ಗೊಲ್ಲರಹಟ್ಟಿಗಳಲ್ಲಿ ಸೂತಕದ ಹೆಸರಿನಲ್ಲಿ ಬಾಣಂತಿಯನ್ನೂ ಕೂಸನ್ನೂ ಹಟ್ಟಿಯಾಚೆಯ ಗುಡಿಸಲಲ್ಲಿಟ್ಟ ಸಂಗತಿ ನಮ್ಮ ಕಾಲದವರೆಗೂ ಬಂದಿದೆ. ಬಾಣಂತಿಗೂ ಮೈಲಿಗೆ, ಅವಳನ್ನು ಮುಟ್ಟಿದವಳಿಗೂ ಮೈಲಿಗೆ.

ಸರ್ಕಾರ ಮಾಡಿದ್ದೇನು? 1977ರ ಗ್ರಾಮೀಣ ಆರೋಗ್ಯ ಯೋಜನೆಯಲ್ಲಿ ದಾಯಿಯರಿಗೆ ತರಬೇತಿ ಕೊಟ್ಟಿತು. 2005ರ ಜನನಿ ಸುರಕ್ಷಾ ಯೋಜನೆ ಬಂದಮೇಲೆ ಒತ್ತು ಆಸ್ಪತ್ರೆ ಹೆರಿಗೆಗೆ ಬಿತ್ತು. ತಾಯಿ ಮಗುವಿನ ಜೀವ ಉಳಿಯಬೇಕು. ಆಸ್ಪತ್ರೆ ಬೇಡವೆಂದು ಯಾರೂ ಹೇಳುತ್ತಿಲ್ಲ. ಆದರೆ ಅದೇ ಹೊತ್ತಿಗೆ ಬಂದ ಆಶಾ ಕಾರ್ಯಕರ್ತೆಯನ್ನೂ ಸರ್ಕಾರ ‘ಸ್ವಯಂಸೇವಕಿ’ ಎಂದೇ ಕರೆಯಿತು. ಅವಳಿಗೆ ಸಿಗುವುದು ಸಂಬಳವಲ್ಲ, ಗೌರವಧನ, ಪ್ರೋತ್ಸಾಹಧನ. ಹಳೆಯ ಬಿಟ್ಟಿಗೆ ಹೊಸ ಹೆಸರು, ಅಷ್ಟೆ.

ನರಸಮ್ಮನವರನ್ನು ಹೊಗಳುವುದು ಸುಲಭ. ಅವರ ಹೆಸರಿನ ಹಿಂದೆ ಹೆಸರಿಲ್ಲದೆ ಹೋದ ಕೇರಿಕೇರಿಯ ಸೂಲಗಿತ್ತಿಯರ ದುಡಿಮೆಯನ್ನು ದುಡಿಮೆ ಅಂತ ಲೆಕ್ಕ ಹಿಡಿಯುವುದು ಕಷ್ಟ. ನಮ್ಮ ಚರಿತ್ರೆ ಶುರುವಾಗಬೇಕಾದ್ದು ಆ ಲೆಕ್ಕದಿಂದ.