ಪೀಣ್ಯದ ಮೆಷಿನ್ ಶಾಪ್‌ಗಳಲ್ಲಿ ನಮ್ಯತೆಯ ಅಳತೆ: ಜೈಕುಮಾರ್ ವಾದದ ಮರುಪರಿಶೀಲನೆ

1953ರಲ್ಲಿ ಎಚ್‌ಎಂಟಿ, 1962ರಲ್ಲಿ ತುಮಕೂರು ರಸ್ತೆಯ ಸಿಎಂಟಿಐ, 1970ರ ದಶಕದ ಕೊನೆಗೆ ಪೀಣ್ಯದ ಶೆಡ್ಡುಗಳು. ಬೆಂಗಳೂರಿನ ಯಂತ್ರೋಪಕರಣ ಉದ್ಯಮ ಬೆಳೆದ ಈ ದಾರಿಯ ಬಗ್ಗೆ ವಿದ್ವಾಂಸರಲ್ಲಿ ತಕರಾರಿಲ್ಲ. ತಕರಾರು ಹುಟ್ಟುವುದು ‘ನಮ್ಯ ತಯಾರಿಕೆ’ಯನ್ನು ಯಾವ ಗಜದಿಂದ ಅಳೆಯಬೇಕು ಎಂಬಲ್ಲಿ.

ರಾಮಚಂದ್ರನ್ ಜೈಕುಮಾರ್ 1986ರಲ್ಲಿ ಹಾರ್ವರ್ಡ್ ಬಿಸಿನೆಸ್ ರಿವ್ಯೂನಲ್ಲಿ ಅಮೆರಿಕದ 35 ಮತ್ತು ಜಪಾನಿನ 60 ನಮ್ಯ ತಯಾರಿಕಾ ವ್ಯವಸ್ಥೆಗಳನ್ನು ಹೋಲಿಸಿದರು. ಒಂದು ವ್ಯವಸ್ಥೆಯಲ್ಲಿ ತಯಾರಾಗುವ ಬಿಡಿಭಾಗಗಳ ಬಗೆ ಅಮೆರಿಕದಲ್ಲಿ ಸರಾಸರಿ 10, ಜಪಾನಿನಲ್ಲಿ 93. ದೋಷ ಯಂತ್ರದ್ದಲ್ಲ, ನಡೆಸುವವರದ್ದು ಎಂಬುದು ಅವರ ತೀರ್ಪು. ದೊಡ್ಡ ಕಾರ್ಖಾನೆಗಳಿಗೆ ಇದನ್ನು ಒಪ್ಪೋಣ. ಜಾಬ್ ವರ್ಕ್ ನಂಬಿದ ಪೀಣ್ಯದ ಶೆಡ್ಡಿಗೆ ಇದೇ ಗಜ ಹಿಡಿದರೆ ಲೆಕ್ಕ ತಪ್ಪುತ್ತದೆ.

ಸೆಟ್ಟಿಂಗನ್ನೇ ನೋಡಿ. ಹೊಸ ಜಾಬ್ ಬಂದಾಗ ಸೆಟ್ಟರ್ ಹಳೆಯ ಫಿಕ್ಸ್ಚರ್ ಇಳಿಸುತ್ತಾನೆ, ಹೊಸದನ್ನು ಕೂರಿಸಿ ಡಯಲ್ ಓಡಿಸುತ್ತಾನೆ, ಆಫ್‌ಸೆಟ್ ಹಾಕುತ್ತಾನೆ, ಮೊದಲ ಪೀಸನ್ನು ಇನ್‌ಸ್ಪೆಕ್ಷನ್ನಿಗೆ ಕಳಿಸಿ ಕಾಯುತ್ತಾನೆ. ಅಷ್ಟು ಹೊತ್ತೂ ಸ್ಪಿಂಡಲ್ ನಿಂತಿರುತ್ತದೆ. ಸೆಟ್ಟಿಂಗಿಗೆ 90 ನಿಮಿಷ, ಒಂದು ಪೀಸಿಗೆ 6 ನಿಮಿಷ ಎಂದು ಹಿಡಿಯೋಣ. 200 ಪೀಸಿನ ಆರ್ಡರ್ ಆದರೆ ಒಟ್ಟು ಹೊತ್ತಿನಲ್ಲಿ ಸೆಟ್ಟಿಂಗಿನ ಪಾಲು ಶೇ. 7, 20 ಪೀಸಾದರೆ ಶೇ. 43. ಎರಡು ಪ್ಯಾಲೆಟ್ಟಿನ ಮೆಷಿನಿಂಗ್ ಸೆಂಟರ್ ಮಾಡುವ ಉಪಕಾರ ಇಲ್ಲೇ: ಒಂದರ ಮೇಲೆ ಕಟಿಂಗ್ ನಡೆಯುವಾಗಲೇ ಇನ್ನೊಂದರ ಮೇಲೆ ಮುಂದಿನ ಜಾಬ್ ಕಟ್ಟಬಹುದು.

ಆದರೆ ಪ್ರತಿ ಜಾಬಿಗೂ ಅದರದೇ ಫಿಕ್ಸ್ಚರ್ ಸಿದ್ಧವಿರಬೇಕು, ಪ್ರೋಗ್ರಾಂ ಮೊದಲೇ ಪರೀಕ್ಷೆಯಾಗಿರಬೇಕು. ಆ ಖರ್ಚು ಗಿಟ್ಟುವುದು ಅದೇ ಡ್ರಾಯಿಂಗ್ ಮತ್ತೆ ಬಂದಾಗ ಮಾತ್ರ. ಜಾಬ್ ವರ್ಕ್ ಮಾಡುವವನಿಗೆ ಆ ಭರವಸೆ ಕೊಡುವವರು ಯಾರು? ಹೀಗಾಗಿ ನನ್ನ ವಾದವಿದು: ಸಣ್ಣ ಶೆಡ್ಡಿನಲ್ಲಿ ಯಂತ್ರದ ನಮ್ಯತೆ ನಿಂತಿರುವುದು ಆರ್ಡರಿನ ಸ್ಥಿರತೆಯ ಮೇಲೆ. ಎಲ್ಲ ಶೆಡ್ಡುಗಳಿಗೂ ಇದು ಸಲ್ಲುತ್ತದೆಂದು ಹೇಳಲಾರೆ. ಮಾಡ್ಯುಲರ್ ಫಿಕ್ಸ್ಚರ್, ಪ್ರೋಬ್ ಬಳಸುವ ಕಡೆ ವಾದ ಸಡಿಲವಾಗುತ್ತದೆ. ವೈಸ್ ಮತ್ತು ಸಾಫ್ಟ್ ಜಾಗಳಲ್ಲೇ ಮುಗಿಯುವ ಸರಳ ಜಾಬ್‌ಗಳಿಗೆ ಬಹುಶಃ ಅನ್ವಯಿಸುವುದೇ ಇಲ್ಲ. ಜೈಕುಮಾರ್ ಕಂಡ ನಿರ್ವಹಣೆಯ ದೋಷ ಇಲ್ಲಿಲ್ಲ ಎಂದೂ ನಾನು ಹೇಳುತ್ತಿಲ್ಲ.

ಹಾಗಾದರೆ ಪೀಣ್ಯ ಇಷ್ಟು ಬಗೆಯ ಕೆಲಸವನ್ನು ಹೇಗೆ ನಿಭಾಯಿಸುತ್ತದೆ? ಟರ್ನಿಂಗ್ ಒಂದು ಶೆಡ್ಡಿನಲ್ಲಿ, ಹೀಟ್ ಟ್ರೀಟ್‌ಮೆಂಟ್ ಇನ್ನೊಂದರಲ್ಲಿ, ಗ್ರೈಂಡಿಂಗ್ ಪಕ್ಕದ ಕ್ರಾಸಿನಲ್ಲಿ. ಜೈಕುಮಾರ್ ಒಂದು ವ್ಯವಸ್ಥೆಯೊಳಗೆ ಎಣಿಸಿದ ವೈವಿಧ್ಯ ಇಲ್ಲಿ ಇಡೀ ಬೀದಿಗೆ ಹಂಚಿಹೋಗಿದೆ. ಬೆಂಗಳೂರನ್ನು ನಮ್ಯ ವಿಶೇಷೀಕರಣದ ಕೈಗಾರಿಕಾ ಜಿಲ್ಲೆ ಎನ್ನಬಹುದೇ ಎಂದು ಮಾರ್ಕ್ ಹೋಮ್‌ಸ್ಟ್ರಾಮ್ 1994ರಲ್ಲೇ ಪ್ರಶ್ನಿಸಿದ್ದರು. ಆ ಪ್ರಶ್ನೆಯನ್ನು ಮೆಷಿನ್ ಶಾಪಿನ ಒಳಗೆ, ಸೆಟ್ಟಿಂಗಿನ ಹೊತ್ತಿನ ತನಕ ಒಯ್ಯಬೇಕು ಎಂಬುದಷ್ಟೇ ನನ್ನ ಸೇರ್ಪಡೆ. ಟೆಂಪೋದಲ್ಲಿ ಅತ್ತಿತ್ತ ಓಡಾಡುವಾಗ, ಸರದಿಗಾಗಿ ಕಾಯುವಾಗ ಕಳೆಯುವ ಹೊತ್ತನ್ನೂ ಈ ಲೆಕ್ಕಕ್ಕೆ ಸೇರಿಸಿದರೆ ಬೀದಿಯ ನಮ್ಯತೆ ಗೆಲ್ಲುತ್ತದೋ ಪ್ಯಾಲೆಟ್ಟಿನದೋ ಎಂಬುದು ಇನ್ನೂ ತೀರ್ಮಾನವಾಗಬೇಕು.

ಅದಕ್ಕೆ ಬೇಕಾದ ಪುರಾವೆ ಶೆಡ್ಡುಗಳ ಜಾಬ್ ಕಾರ್ಡುಗಳಲ್ಲಿದೆ: ಯಾವ ಡ್ರಾಯಿಂಗ್ ಎಷ್ಟು ಸಲ ಮರಳಿ ಬಂತು, ಎಷ್ಟು ಹೊತ್ತು ಯಂತ್ರ ನಿಂತಿತು. ಮಾಲೀಕರು ಅವನ್ನು ರದ್ದಿಗೆ ಹಾಕುವ ಮುನ್ನ ಒಮ್ಮೆ ಸಂಶೋಧಕರಿಗೆ ತೋರಿಸಬೇಕೆಂದು ಕೋರುತ್ತೇನೆ.