ಕಾಳಿಯ ಕಲ್ಲಿನಿಂದ ಪಂದ್ಯದ ಬಯಲಿಗೆ: ಬೇಟೆನಾಯಿಯ ಇನ್ನೊಂದು ಚರಿತ್ರೆ

ಆತಕೂರು ಶಾಸನದ ಹೆಸರು ಕೇಳದ ಶಾಸನಪ್ರಿಯರು ಕಡಿಮೆ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕಿದ, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿರುವ ಈ ಕಲ್ಲು ಶಕವರ್ಷ 872ರದು, ಅಂದರೆ ಕ್ರಿ.ಶ. 949-50. ತಕ್ಕೋಲದ ಕಾಳಗದಲ್ಲಿ ಚೋಳ ರಾಜಾದಿತ್ಯ ಸತ್ತ ಸಂಗತಿಯನ್ನು ಹೇಳುವುದರಿಂದ ಇತಿಹಾಸಕಾರರಿಗೆ ಇದು ಮುಖ್ಯ. ನಮ್ಮಂಥವರಿಗೆ ಮಾತ್ರ ಇದು ಕಾಳಿಯ ಕಲ್ಲು. ಗಂಗರ ಬೂತುಗನ ಕಡೆಯ ವೀರ ಮಣಲೇರ, ಮೆಚ್ಚಿದ ಒಡೆಯನಲ್ಲಿ ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ. ಕಾಳಿ ಎಂಬ ಬೇಟೆನಾಯಿಯನ್ನು ಕೇಳಿದ. ಮುಂದೆ ಆ ನಾಯಿ ದೊಡ್ಡ ಹಂದಿಯೊಂದರ ಮೇಲೆ ಬಿದ್ದು, ಎರಡೂ ಒಟ್ಟಿಗೇ ಸತ್ತವು. ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟರು. ಕಲ್ಲನ್ನು ಪೂಜಿಸದೆ ಉಂಡ ಗೊರವನಿಗೆ ನಾಯಿಯ ಪಾಪ ತಟ್ಟುತ್ತದೆ ಎಂದೂ ಬರೆಸಿದರು.

ಒಮ್ಮೆ ಈ ಶಾಸನದ ಚಿತ್ರ ತೋರಿಸಿ ಕೆಲವು ಮಕ್ಕಳಿಗೆ ಕಥೆ ಹೇಳುತ್ತಿದ್ದೆ. ಒಬ್ಬ ಹುಡುಗ, "ಹಾಗಾದ್ರೆ ಇದು ಪಂದ್ಯ ಗೆದ್ದ ನಾಯೀನಾ ಸಾರ್?" ಅಂದ. "ಅಲ್ಲಪ್ಪ, ಬೇಟೆಯಲ್ಲಿ ಸತ್ತ ನಾಯಿ" ಅಂದೆ. ಉತ್ತರ ಸರಿಯೇ. ಆದರೆ ಪ್ರಶ್ನೆ ಬಿಡಲಿಲ್ಲ. ಬೇಟೆನಾಯಿಯ ಕೆಲಸ ಪಂದ್ಯವಾಗಿದ್ದು ಯಾವಾಗ?

ನಮ್ಮಲ್ಲಿ ಬೇಟೆ ಅರಸರ ವಿನೋದವಾಗಿತ್ತು. 12ನೇ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ತನ್ನ 'ಮಾನಸೋಲ್ಲಾಸ'ದಲ್ಲಿ ನಾಯಿಗಳ ವಿನೋದವನ್ನೂ ಗಿಡುಗದ ಬೇಟೆಯನ್ನೂ ವಿವರಿಸಿದ್ದಾನೆ. ಆದರೆ ಅದು ಅರಮನೆಯ ಆಟ. ಬೇರೆ ಬೇರೆ ಒಡೆಯರ ನಾಯಿಗಳು ಒಂದೇ ನಿಯಮದಡಿ, ತೀರ್ಪುಗಾರರ ಎದುರು ಹಕ್ಕಿ ಹುಡುಕುವ ಪಂದ್ಯ ಹುಟ್ಟಿದ್ದು ಇಂಗ್ಲೆಂಡಿನಲ್ಲಿ, 19ನೇ ಶತಮಾನದಲ್ಲಿ.

ಹಕ್ಕಿಬೇಟೆಯ ನಾಯಿಯ ಕೆಲಸ ಕಾಳಿಯ ಕೆಲಸಕ್ಕೆ ತದ್ವಿರುದ್ಧ. ಕಾಳಿ ಮೇಲೆ ಬಿದ್ದು ಹಿಡಿಯಬೇಕಿತ್ತು. ಪಾಯಿಂಟರ್, ಸೆಟ್ಟರ್ ನಾಯಿಗಳು ಹಿಡಿಯಲೇಬಾರದು. ಗಾಳಿಯಲ್ಲಿ ಹಕ್ಕಿಯ ವಾಸನೆ ಸಿಕ್ಕಿದ ತಕ್ಷಣ, ಮೂತಿ ಅತ್ತ ಮಾಡಿ ಅಲ್ಲಾಡದೆ ನಿಂತುಬಿಡಬೇಕು. ಹಕ್ಕಿ ಎಬ್ಬಿಸುವುದು, ಗುಂಡು ಹಾರಿಸುವುದು ಮನುಷ್ಯನ ಪಾಲು. ಬಲೆ ಬೀಸಿ ಹಕ್ಕಿ ಹಿಡಿಯುತ್ತಿದ್ದ ಕಾಲದಲ್ಲಿ ಸೆಟ್ಟರ್ ನೆಲಕ್ಕೆ ಅವುಚಿ ಕೂರುತ್ತಿತ್ತು. ಹೆಸರು ಬಂದಿದ್ದೂ ಅದರಿಂದಲೇ.

1859ರಲ್ಲಿ ನ್ಯೂಕಾಸಲ್‌ನಲ್ಲಿ ಪಾಯಿಂಟರ್ ಮತ್ತು ಸೆಟ್ಟರ್‌ಗಳ ಪ್ರದರ್ಶನ ನಡೆಯಿತು. ಅಲ್ಲಿ ನೋಡಿದ್ದು ರೂಪ. ಚೆನ್ನಾಗಿ ಕಾಣುವ ನಾಯಿ ಚೆನ್ನಾಗಿ ಹಕ್ಕಿ ಹುಡುಕುತ್ತದೆ ಅಂತ ಏನು ಖಾತ್ರಿ? ಅದನ್ನು ಬಯಲಲ್ಲೇ ನೋಡಬೇಕು. 1865ರಲ್ಲಿ ಬೆಡ್‌ಫರ್ಡ್‌ಶೈರ್‌ನ ಸೌತಿಲ್ ಎಸ್ಟೇಟಿನಲ್ಲಿ ಮೊದಲ ಬಯಲು ಪಂದ್ಯ ಏರ್ಪಟ್ಟಿತು. 1873ರಲ್ಲಿ ಕೆನಲ್ ಕ್ಲಬ್ ಹುಟ್ಟಿತು. ಮರುವರ್ಷವೇ ಅದರ ವಂಶಾವಳಿ ಪುಸ್ತಕ, ಅಂದರೆ ಸ್ಟಡ್ ಬುಕ್, ಹೊರಬಂತು. ಇಂಥ ನಾಯಿ, ಇಂಥ ತಂದೆ, ಇಂಥ ತಾಯಿ, ಇಂಥ ಕಡೆ ಗೆಲುವು: ನಮ್ಮ ಪ್ರಶಸ್ತಿ ಶಾಸನಗಳನ್ನು ಓದಿದವರಿಗೆ ಈ ಧಾಟಿ ಹೊಸದೇನಲ್ಲ. ಆಟ ಬೆಳೆದಿದ್ದರಲ್ಲಿ ಈ ದಾಖಲೆಯ ಪಾತ್ರ ಬಂದೂಕಿನಷ್ಟೇ ದೊಡ್ಡದು ಅಂತ ನನಗನ್ನಿಸುತ್ತದೆ. ಗೆದ್ದ ನಾಯಿಯ ಮರಿಗೆ ಬೆಲೆ ಬರಬೇಕಾದರೆ ಗೆಲುವು ಬರಹದಲ್ಲಿರಬೇಕಲ್ಲ!

ಅಮೆರಿಕದಲ್ಲಿ ಮೊದಲ ಪಂದ್ಯ 1874ರಲ್ಲಿ, ಟೆನೆಸ್ಸೀ ರಾಜ್ಯದ ಮೆಂಫಿಸ್ ಬಳಿ ನಡೆಯಿತು. ಆಟ ಬೇರೂರಿದ್ದು ಆ ದಕ್ಷಿಣ ಸೀಮೆಯಲ್ಲೇ. ಅಂತರ್ಯುದ್ಧ ಮುಗಿದ ಮೇಲೆ ದೊಡ್ಡ ಹತ್ತಿ ತೋಟಗಳು ಪಾಲಿಗೆ ಉಳುವವರ ಸಣ್ಣ ಸಣ್ಣ ಹೊಲಗಳಾದವು. ಬೀಳು ನೆಲ, ಬೇಲಿ ಸಾಲಿನ ಪೊದೆ, ಕಳೆಯ ಬೀಜ ಎಲ್ಲ ಸೇರಿ, ನಮ್ಮ ಲಾವುಗೆಯನ್ನು ಹೋಲುವ ಬಾಬ್‌ವೈಟ್ ಹಕ್ಕಿಗೆ ಹೇಳಿಮಾಡಿಸಿದ ನೆಲೆಯಾಯಿತು. ಚಳಿಗಾಲದಲ್ಲಿ ಉತ್ತರದ ಸಿರಿವಂತರು ರೈಲು ಹತ್ತಿ ಬಂದರು, ತೋಟಗಳನ್ನು ಕೊಂಡರು. 1896ರಲ್ಲಿ ಮಿಸ್ಸಿಸಿಪ್ಪಿಯ ವೆಸ್ಟ್ ಪಾಯಿಂಟ್‌ನಲ್ಲಿ ರಾಷ್ಟ್ರೀಯ ಚಾಂಪಿಯನ್‌ಷಿಪ್ ಶುರುವಾಯಿತು. 1915ರಿಂದ ಟೆನೆಸ್ಸೀಯ ಗ್ರ್ಯಾಂಡ್ ಜಂಕ್ಷನ್ ಬಳಿಯ ಏಮ್ಸ್ ತೋಟ ಅದರ ನೆಲೆ. ಎರಡೆರಡು ನಾಯಿಗಳ ಜೋಡಿ ಮೂರು ಗಂಟೆ ಬಯಲು ಜಾಲಾಡಬೇಕು. ತೀರ್ಪುಗಾರರು ಕುದುರೆ ಮೇಲೆ ಹಿಂದೆ ಬರುತ್ತಾರೆ. ಹಕ್ಕಿ ಎದ್ದಾಗ ಹಾರಿಸುವುದು ಬರೀ ಸದ್ದಿನ ಪಿಸ್ತೂಲು. ಸದ್ದಾದಾಗಲೂ ನಾಯಿ ಕದಲಬಾರದು. ಬೇಟೆಯೊಳಗಿಂದ ಕೊಲ್ಲುವುದನ್ನೇ ತೆಗೆದುಹಾಕಿದ ಆಟ ಇದು.

ಇವರಿಗೂ ತಮ್ಮ ಕಾಳಿ ಇದ್ದಾನೆ. 1880ರಲ್ಲಿ ಅಮೆರಿಕಕ್ಕೆ ತಂದ ಕೌಂಟ್ ನೋಬಲ್ ಎಂಬ ಸೆಟ್ಟರ್ 1891ರಲ್ಲಿ ಸತ್ತಾಗ, ಅದರ ದೇಹವನ್ನು ಕೆಡದಂತೆ ತುಂಬಿಸಿ ಪಿಟ್ಸ್‌ಬರ್ಗ್‌ನ ಕಾರ್ನೆಗಿ ವಸ್ತುಸಂಗ್ರಹಾಲಯದಲ್ಲಿ ಇಟ್ಟರು. ಈಗ ಗ್ರ್ಯಾಂಡ್ ಜಂಕ್ಷನ್‌ನ ಹಕ್ಕಿನಾಯಿ ವಸ್ತುಸಂಗ್ರಹಾಲಯದಲ್ಲಿದೆ.

ಇಲ್ಲಿ ಒಂದು ಮಾತು ಹೇಳಲೇಬೇಕು. ಆ ದಕ್ಷಿಣದ ತೋಟಗಳಲ್ಲಿ ನಾಯಿಗಳಿಗೆ ಅನ್ನ ಹಾಕಿ, ತಿದ್ದಿ, ಪಂದ್ಯದ ದಿನ ಕಣ್ಣಿಗೆ ಮರೆಯಾದ ನಾಯಿಯನ್ನು ಕುದುರೆ ಮೇಲೆ ಹೋಗಿ ಹುಡುಕಿ ಕೊಡುತ್ತಿದ್ದವರಲ್ಲಿ ಬಹಳ ಮಂದಿ ಕಪ್ಪು ಜನ. ವಂಶಾವಳಿ ಪುಸ್ತಕದಲ್ಲಿ ನಾಯಿಯ ಅಜ್ಜನ ಹೆಸರಿದೆ, ಒಡೆಯನ ಹೆಸರಿದೆ. ಸಾಕಿ ತಿದ್ದಿದವನ ಹೆಸರಿಗೆ ಅಲ್ಲಿ ಜಾಗವೇ ಇರಲಿಲ್ಲ. ಹಕ್ಕಿಯ ಪಾಡೂ ಅಷ್ಟೇ. ಸಣ್ಣ ಹೊಲಗಳು ಹೋಗಿ ಯಂತ್ರದ ಬೇಸಾಯ ಬಂದು, ಪೊದೆಗಳು ಮಾಯವಾದವು. 1960ರ ದಶಕದಿಂದೀಚೆಗೆ ಬಾಬ್‌ವೈಟ್ ಸಂತತಿ ವಿಪರೀತ ಇಳಿದಿದೆ. ಹರ್ಬರ್ಟ್ ಸ್ಟಾಡರ್ಡ್ 1931ರ ತನ್ನ ಪುಸ್ತಕದಲ್ಲೇ ಈ ಹಕ್ಕಿಗೆ ಬೇಕಾದ ನೆಲದ ಬಗ್ಗೆ, ಹದವರಿತು ಕಾಡಿಗೆ ಬೆಂಕಿ ಇಡುವುದರ ಬಗ್ಗೆ ಬರೆದಿದ್ದ.

ಇದನ್ನೆಲ್ಲ ಓದಿ ಮತ್ತೆ ಆತಕೂರಿನ ಪಾಠ ತೆಗೆದು ನೋಡಿದೆ. ಅರಸ ಇದ್ದಾನೆ, ವೀರ ಇದ್ದಾನೆ, ಗೊರವ ಇದ್ದಾನೆ, ನಾಯಿ ಇದೆ, ಹಂದಿಯೂ ಇದೆ. ಕಾಳಿಯನ್ನು ಮರಿಯಿಂದ ಸಾಕಿ, ಹಂದಿಗೆ ಹೆದರದಂತೆ ಬೆಳೆಸಿದವರು ಇಲ್ಲ. ಇಷ್ಟು ವರ್ಷ ಓದಿದರೂ ನನಗೆ ಇದು ಹೊಳೆದಿರಲಿಲ್ಲ. ಆ ಹುಡುಗ ಮತ್ತೆ ಸಿಕ್ಕರೆ ಮೊದಲು ಇದನ್ನೇ ಹೇಳಬೇಕು. ನಾಯಿಗೂ ಕಲ್ಲು ನಿಲ್ಲಿಸಿದ ನಾಡು ನಮ್ಮದು, ನಿಜ. ಇನ್ನು ಮೇಲೆ ಶಾಸನ ಓದುವಾಗ ಬರೆದವರನ್ನು ಎಣಿಸಿದ ಮೇಲೆ, ಬಿಟ್ಟುಹೋದವರನ್ನೂ ಒಮ್ಮೆ ಎಣಿಸೋಣ.