ಶೂನ್ಯಸಂಪಾದನೆಯ ಸಂವಾದಗಳಲ್ಲಿ ದುಡಿಮೆಯ ಪ್ರಶ್ನೆ

ಶೂನ್ಯಸಂಪಾದನೆಯನ್ನು ಅಲ್ಲಮನ ಬೆನ್ನುಹತ್ತಿ ಓದುವುದು ನಮ್ಮ ರೂಢಿ. ಅವನು ತೋಟ ಅಗೆಯುವ ಗೊಗ್ಗಯ್ಯನನ್ನು ಮಾತಿಗೆಳೆಯುತ್ತಾನೆ. ಅಣ್ಣ ಅಜಗಣ್ಣನನ್ನು ಕಳೆದುಕೊಂಡು ಶೋಕಿಸುವ ಮುಕ್ತಾಯಕ್ಕನ ದುಃಖವನ್ನೇ ಚರ್ಚೆಯ ವಸ್ತುವಾಗಿಸುತ್ತಾನೆ. ಸೊನ್ನಲಿಗೆಯಲ್ಲಿ ಸಿದ್ಧರಾಮನನ್ನು ಕೆಣಕುತ್ತಾನೆ. ಕಲ್ಯಾಣಕ್ಕೆ ಬಂದ ಅಕ್ಕಮಹಾದೇವಿಯನ್ನು ಶರಣರ ಸಮ್ಮುಖದಲ್ಲಿ ಪರೀಕ್ಷಿಸುತ್ತಾನೆ. ಕೇಳುವವನು ಅವನು, ಹೇಳಬೇಕಾದವರು ಉಳಿದವರು. ಮುಕ್ತಾಯಕ್ಕನಂಥವರು ತಿರುಗಿ ಸವಾಲು ಹಾಕುವುದುಂಟು, ಆದರೂ ಕೊನೆಯ ಮಾತು ಸಾಮಾನ್ಯವಾಗಿ ಅಲ್ಲಮನ ಗುಹೇಶ್ವರ ಅಂಕಿತದಲ್ಲೇ ಇರುತ್ತದೆ. ಕೃತಿಯಲ್ಲಿ ಈ ನಡೆಗೆ ಅಷ್ಟಾಗಿ ಹೊಂದದ ಒಂದು ಗುಂಪಿನ ಪ್ರಸಂಗಗಳಿವೆ. ಅವು ಅಕ್ಕಿ ಆಯುವವನ, ಹಗ್ಗ ಹೊಸೆಯುವವನ, ಸೌದೆ ಮಾರುವವನ ಪ್ರಸಂಗಗಳು. ಇವುಗಳಲ್ಲಿ ಪರೀಕ್ಷೆಗೆ ಒಳಗಾಗುವವನು ಹೆಚ್ಚಾಗಿ ಬಸವಣ್ಣ, ಅದೂ ಅವನ ಕೊಡುಗೈ ಎಂಬುದು ಈ ಲೇಖನದ ವಾದ.

ಮೊದಲು ಆಕರದ ಮಾತು. ಕಲ್ಯಾಣದ ಘಟನೆಗಳು 12ನೆಯ ಶತಮಾನದವು. ಬಿಜ್ಜಳ ಕಲ್ಯಾಣದ ಗದ್ದುಗೆ ಏರಿದ್ದು 1162ರ ಸುಮಾರಿಗೆ. ಶಿವಗಣಪ್ರಸಾದಿ ಮಹಾದೇವಯ್ಯ ಮೊದಲ ಶೂನ್ಯಸಂಪಾದನೆಯನ್ನು ಕಟ್ಟಿದ್ದು 15ನೆಯ ಶತಮಾನದಲ್ಲಿ, ಎಂದರೆ ಇನ್ನೂರೈವತ್ತು ವರ್ಷಗಳಿಗೂ ಮೇಲ್ಪಟ್ಟು ಕಳೆದ ಮೇಲೆ. ಅನಂತರ ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗ, ಗೂಳೂರು ಸಿದ್ಧವೀರಣ್ಣೊಡೆಯ ಒಬ್ಬರಾದ ಮೇಲೊಬ್ಬರು ಅದನ್ನು ತಿದ್ದಿ ಬೆಳೆಸಿದರು. ಫ.ಗು. ಹಳಕಟ್ಟಿಯವರು 1930ರಲ್ಲಿ, ಸಂ.ಶಿ. ಭೂಸನೂರಮಠ ಅವರು 1958ರಲ್ಲಿ ಹೊರತಂದದ್ದು ಗೂಳೂರಿನ ಪಾಠವನ್ನು. ಇಲ್ಲಿಯೂ ಅದನ್ನೇ ಅನುಸರಿಸಿದ್ದೇನೆ.

ಆದ್ದರಿಂದ ಇವು ಯಾರೋ ಪಕ್ಕದಲ್ಲಿ ಕೂತು ಬರೆದುಕೊಂಡ ಮಾತುಕತೆಗಳಲ್ಲ. ಬೇರೆ ಬೇರೆ ಹೊತ್ತಿನಲ್ಲಿ, ಬಹುಶಃ ಬೇರೆ ಬೇರೆ ಊರುಗಳಲ್ಲಿ ಹುಟ್ಟಿದ ವಚನಗಳನ್ನು ಸಂಕಲನಕಾರರು ಎದುರುಬದುರು ಕೂರಿಸಿ, ನಡುವೆ ತಮ್ಮ ಗದ್ಯವನ್ನು ಬೆಸೆದು, ಪ್ರಶ್ನೆಗೊಂದು ಉತ್ತರ ಒದಗಿಸಿದ್ದಾರೆ. ವಚನಕ್ಕೆ ಅಂಕಿತವಿದೆ, ತೇದಿಯಿಲ್ಲ. ಈ ಸ್ವಾತಂತ್ರ್ಯವನ್ನು ಅವರು ಧಾರಾಳವಾಗಿ ಬಳಸಿಕೊಂಡರು. ಮೊದಲ ಪಾಠದಲ್ಲಿ ಸಿದ್ಧರಾಮನಿಗೆ ಇಷ್ಟಲಿಂಗ ದೀಕ್ಷೆಯ ಪ್ರಸಂಗವಿರಲಿಲ್ಲ. ಹಲಗೆಯಾರ್ಯ ಅದನ್ನು ಸೇರಿಸಿದ. ದೀಕ್ಷೆಯಿಲ್ಲದವನು ಶರಣರ ಪಂಕ್ತಿಗೆ ಹೇಗೆ ಬಂದ ಎಂಬ ಕಸಿವಿಸಿ 12ನೆಯ ಶತಮಾನದ್ದಲ್ಲ, ಮಠಗಳು ಬೇರೂರಿದ್ದ ಕಾಲದ್ದು. ಹಾಗೆಂದು ಸಂವಾದದ ರೂಪವೇ ಕಟ್ಟುಕತೆ ಎನ್ನಲೂ ಬಾರದು. ಒಬ್ಬ ಶರಣನನ್ನು ಇನ್ನೊಬ್ಬ ಹೆಸರುಹಿಡಿದು ಕರೆಯುವ, ಒಬ್ಬರ ಮಾತಿಗೆ ಇನ್ನೊಬ್ಬರು ಪಡಿನುಡಿಯುವ ಗುಣ ವಚನಗಳ ಒಳಗೇ ಇದೆ. ಸಂಕಲನಕಾರರು ಆ ಎಳೆಗಳನ್ನೇ ಹಿಡಿದು ನೇಯ್ದರು. ಅನುಭವ ಮಂಟಪ ಕಟ್ಟಡವಾಗಿತ್ತೇ, ಕೂಟವಾಗಿತ್ತೇ ಎಂಬ ಹಳೆಯ ಜಗಳಕ್ಕೆ ಇಲ್ಲಿ ಹೋಗುವುದಿಲ್ಲ. ನಮ್ಮ ಪ್ರಶ್ನೆಗೆ ಅದರಿಂದ ಲಾಭವೂ ಇಲ್ಲ.

ಸಿದ್ಧರಾಮನ ಪ್ರಸಂಗ ಹೋಲಿಕೆಗೆ ಬೇಕು. ಸೊನ್ನಲಿಗೆಯಲ್ಲಿ ಕೆರೆ ತೋಡಿಸುತ್ತಿರುವ ಸಿದ್ಧರಾಮನನ್ನು ಅಲ್ಲಮ ಒಡ್ಡನೆಂದು ಹೀಗಳೆಯುತ್ತಾನೆ. ಕೆಲಸಗಾರರು ಕಲ್ಲೆಸೆಯುತ್ತಾರೆ, ಸಿದ್ಧರಾಮ ಉರಿದೇಳುತ್ತಾನೆ, ಆಮೇಲೆ ಮಾತು ತಣ್ಣಗಾಗಿ ವಾದಕ್ಕಿಳಿಯುತ್ತದೆ. ಕೆರೆ, ಗುಡಿ, ಲೋಕೋಪಕಾರ ಇವೆಲ್ಲ ಮಾಡಿದೆನೆಂಬ ಭಾವವನ್ನು ಬೆಳೆಸುತ್ತವೆ ಎಂಬುದು ಅಲ್ಲಮನ ಪಟ್ಟು. ಸಿದ್ಧರಾಮ ಒಪ್ಪಿ ಅವನ ಜೊತೆ ಕಲ್ಯಾಣಕ್ಕೆ ಹೊರಡುತ್ತಾನೆ. ಈ ಗೆಲುವು ಅಲ್ಲಮನಿಗೆ ತೀರ ಸುಲಭವಾಗಿ ದಕ್ಕಿತು ಎಂದೇ ನನ್ನ ಅಭಿಪ್ರಾಯ. ಶೂನ್ಯಸಂಪಾದನೆಗಿಂತ ಎರಡು ಶತಮಾನ ಹಿಂದಿನ ರಾಘವಾಂಕ ತನ್ನ ಸಿದ್ಧರಾಮ ಚಾರಿತ್ರದಲ್ಲಿ ಅದೇ ಕೆರೆಯ ಕೆಲಸವನ್ನು ಹೆಮ್ಮೆಯಿಂದ ಹಾಡಿದ್ದಾನೆ. ಸೊನ್ನಲಿಗೆಯ, ಎಂದರೆ ಈಗಿನ ಸೊಲ್ಲಾಪುರದ, ಜನ ಇವತ್ತಿಗೂ ಸಿದ್ಧೇಶ್ವರನ ಗುಡಿಗೆ ಹೋಗುವುದು ಆ ಕೆರೆಯ ನೀರಿನ ನಡುವೆಯೇ. ಕಲ್ಲು ಹೊತ್ತವರಿಗೆ ಈ ವಾದದಲ್ಲಿ ಕಲ್ಲೆಸೆಯುವ ಪಾತ್ರ ಸಿಕ್ಕಿತೇ ಹೊರತು ಒಂದು ಮಾತಿನ ಅವಕಾಶವೂ ಸಿಗಲಿಲ್ಲ.

ಆಯ್ದಕ್ಕಿ ಮಾರಯ್ಯನ ಪ್ರಸಂಗದಲ್ಲಿ ಆ ಅವಕಾಶ ಸಿಗುತ್ತದೆ. ಮಾರಯ್ಯ, ಲಕ್ಕಮ್ಮ ಈಗಿನ ರಾಯಚೂರು ಜಿಲ್ಲೆಯ ಅಮರೇಶ್ವರದ ಕಡೆಯಿಂದ ಕಲ್ಯಾಣಕ್ಕೆ ಬಂದವರು. ಬಸವಣ್ಣನ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಅವನು ಅಲ್ಲಮನೊಡನೆ ಮಾತಿಗೆ ನಿಲ್ಲುತ್ತಾನೆ. ವಿಷಯ ಬೇರೇನಲ್ಲ, ಕಾಯಕದ ಹಿರಿಮೆ. ಕಾಯಕದಲ್ಲಿ ತೊಡಗಿದವನು ಗುರು, ಲಿಂಗ, ಜಂಗಮವನ್ನೂ ಮರೆಯಬೇಕು ಎಂಬಷ್ಟು ದೊಡ್ಡ ಮಾತು ಅಲ್ಲಿ ಬರುತ್ತದೆ. ಆ ದೊಡ್ಡ ಮಾತಿನ ಸುಖದಲ್ಲಿ ಅಕ್ಕಿ ಆಯುವುದು ಮರೆತೇಹೋಗುತ್ತದೆ. ಆಗ ಲಕ್ಕಮ್ಮ ಬಂದು ಕೆಲಸ ನಿಂತುಹೋದದ್ದನ್ನು ಗಂಡನಿಗೆ ನೆನಪಿಸುತ್ತಾಳೆ. ಅಲ್ಲಮನ ವಾದಕ್ಕೆ ಅವಳು ಪ್ರತಿವಾದ ಹೂಡುವುದಿಲ್ಲ. ಇಂದಿನ ಸಂದರ್ಶನಗಳಲ್ಲಿ ಸಾಧಕರ ಮನೆಯವರು ಕಾಫಿ ತಂದಿಟ್ಟು ಒಳಗೆ ಹೋಗುತ್ತಾರೆ. ಲಕ್ಕಮ್ಮ ಸಂದರ್ಶನವನ್ನೇ ನಿಲ್ಲಿಸಿಬಿಡುತ್ತಾಳೆ.

ಮಾರಯ್ಯ ಓಡುತ್ತಾನೆ, ಎಂದಿಗಿಂತ ಹೆಚ್ಚು ಅಕ್ಕಿ ತರುತ್ತಾನೆ. ಹೆಚ್ಚು ಚೆಲ್ಲಿಸಿದವನು ಬಸವಣ್ಣ ಎನ್ನುತ್ತದೆ ಪರಂಪರೆ. ಲಕ್ಕಮ್ಮ ಆ ಹೆಚ್ಚಳವನ್ನು ಮನೆಯೊಳಗೆ ಬಿಟ್ಟುಕೊಳ್ಳುವುದಿಲ್ಲ. ಎಲ್ಲಿಂದ ತಂದೆಯೋ ಅಲ್ಲೇ ಸುರಿದು ಬಾ ಎಂದು ಗಂಡನನ್ನು ಹಿಂದಕ್ಕೆ ಕಳಿಸುತ್ತಾಳೆ. ಅವಳ ದೃಷ್ಟಿಯಲ್ಲಿ ತಪ್ಪು ಇಬ್ಬರದು: ಅಗತ್ಯಕ್ಕಿಂತ ಹೆಚ್ಚು ಆಯ್ದವನದು ಆಸೆ, ಅದನ್ನು ಚೆಲ್ಲಿಸಿದವನದು ಬಡತನದ ಮೇಲಿನ ಅನುಮಾನ. ಈ ಎರಡನೆಯದನ್ನು ಓದುಗರು ಹೆಚ್ಚಾಗಿ ಗಮನಿಸಿಲ್ಲ. ಲಕ್ಕಮ್ಮನನ್ನು ಆಸೆಯಿಲ್ಲದ ಸತಿ ಎಂದು ಹೊಗಳಿ ಮುಗಿಸುವುದು ಸುಲಭ. ಅವಳ ನಿರಾಕರಣೆ ನಾಡಿನ ಭಂಡಾರಿಯಾದ ಬಸವಣ್ಣನಿಗೆ ಕೊಟ್ಟ ಉತ್ತರವೂ ಹೌದು ಎಂದು ಓದಿದರೆ ಪ್ರಸಂಗದ ಖಾರ ತಿಳಿಯುತ್ತದೆ.

ಒಂದೇ ಪ್ರಸಂಗವಾಗಿದ್ದರೆ ಇದನ್ನು ಆಕಸ್ಮಿಕ ಎನ್ನಬಹುದಿತ್ತು. ನುಲಿಯ ಚಂದಯ್ಯನ ಕತೆಯೂ ಅದೇ ಹಾದಿ ಹಿಡಿಯುತ್ತದೆ. ಹಗ್ಗ ಹೊಸೆಯಲೆಂದು ಕೆರೆಯಲ್ಲಿ ಹುಲ್ಲು ಕೊಯ್ಯುವಾಗ ಕೊರಳ ಲಿಂಗ ಕಳಚಿ ನೀರಿಗೆ ಬೀಳುತ್ತದೆ. ಚಂದಯ್ಯ ಎತ್ತಿಕೊಳ್ಳದೆ ಹುಲ್ಲಿನ ಹೊರೆಯೊಂದಿಗೆ ನಡೆಯುತ್ತಾನೆ. ಲಿಂಗವೇ ಬೆನ್ನಟ್ಟಿ ಬೇಡಿಕೊಳ್ಳುತ್ತದೆ. ಮಡಿವಾಳ ಮಾಚಯ್ಯ ನಡುವೆ ಬಂದು ರಾಜಿ ಮಾಡಿಸುತ್ತಾನೆ, ಲಿಂಗ ಹಗ್ಗ ಮಾರುವ ಕೆಲಸಕ್ಕೆ ತೊಡಗುತ್ತದೆ. ದೇವರನ್ನೇ ದುಡಿಮೆಗೆ ಹಚ್ಚಿದ ಈ ಕಲ್ಪನೆಯ ತುಂಟತನ ಕನ್ನಡಕ್ಕೇ ಸಲ್ಲುವಂಥದು. ಆ ಹಗ್ಗಕ್ಕೆ ಬಸವಣ್ಣ ವಾಡಿಕೆಯ ಬೆಲೆಗಿಂತ ಬಹಳ ಹೆಚ್ಚು ಹೊನ್ನು ಕೊಟ್ಟು ಕಳಿಸುತ್ತಾನೆ. ಚಂದಯ್ಯನಿಗೆ ಇದು ಸಲ್ಲದು: ಹಗ್ಗಕ್ಕೆ ಹಗ್ಗದ ಬೆಲೆ, ಭಕ್ತಿಗೆ ಬೇರೆ ಬೆಲೆ ಕಟ್ಟಿದರೆ ಅದು ಕಾಯಕದ ಹಣವಲ್ಲ. ಅಲ್ಲಮ ಇಲ್ಲಿ ಅರಿವಿನ ಪರವಾಗಿ ವಾದಿಸುತ್ತಾನೆ, ಲಿಂಗವನ್ನು ಬಿಟ್ಟ ಕೆಲಸ ಬರಿಯ ಕೆಲಸವೇ ಎಂಬ ಧಾಟಿಯಲ್ಲಿ. ಚಂದಯ್ಯನ ನಿಲುವೋ ಗುರುವಾದರೂ ಜಂಗಮವಾದರೂ ಕಾಯಕದಿಂದಲೇ ಬಿಡುಗಡೆ ಎನ್ನುವುದು. ಲಿಂಗವನ್ನು ಅವನು ಮತ್ತೆ ಸ್ವೀಕರಿಸುತ್ತಾನೆ. ಕಾಯಕದ ವಿಷಯದಲ್ಲಿ ಆಡಿದ ಮಾತನ್ನು ಹಿಂತೆಗೆದುಕೊಳ್ಳುವುದಿಲ್ಲ.

ಈ ಮಾತುಗಳನ್ನು ಓಲೆಗೆ ಇಳಿಸಿದವರು ಯಾರೆಂಬುದನ್ನು ನೆನೆದರೆ ವಿಚಾರ ಇನ್ನೂ ಕುತೂಹಲಕರವಾಗುತ್ತದೆ. ಗೂಳೂರು ಸಿದ್ಧವೀರಣ್ಣೊಡೆಯ ವಿರಕ್ತ, ತೋಂಟದ ಸಿದ್ಧಲಿಂಗರ ಪರಂಪರೆಯವನು. ವಿರಕ್ತರಿಗೆ ಅನ್ನ ಬರುವುದು ಭಕ್ತರ ದಾಸೋಹದಿಂದ, ಭಿಕ್ಷೆಯಿಂದ. ಜಂಗಮನೂ ದುಡಿಯಬೇಕೆನ್ನುವ ವಚನಗಳು ಆ ಬದುಕಿನ ಬುಡಕ್ಕೇ ಕೈ ಹಾಕುತ್ತವೆ. ದೀಕ್ಷೆಯ ಪ್ರಸಂಗವನ್ನು ಹೊಸದಾಗಿ ಹೊಂದಿಸಬಲ್ಲ ಪರಂಪರೆಗೆ ಇಂಥ ವಚನಗಳನ್ನು ಸದ್ದಿಲ್ಲದೆ ಬಿಟ್ಟುಬಿಡುವುದು ಕಷ್ಟವಿರಲಿಲ್ಲ. ಬಿಡಲಿಲ್ಲ. ಸಂಪ್ರದಾಯ ಗಟ್ಟಿಯಾಗುತ್ತಿದ್ದ ಕಾಲದಲ್ಲಿ ಸಂಪ್ರದಾಯದವರೇ ತಮ್ಮ ವಿರುದ್ಧದ ಸಾಕ್ಷಿಯನ್ನು ಜೋಪಾನ ಮಾಡಿದರು ಎಂದು ನಾನು ಇದನ್ನು ಓದುತ್ತೇನೆ. ಅಲ್ಲಮನನ್ನು ಎತ್ತಿಹಿಡಿಯುವ ಕೃತಿಯೊಳಗೆ ಇಟ್ಟದ್ದರಿಂದ ಆ ಸಾಕ್ಷಿಯ ಮೊನೆ ಮೊಂಡಾಯಿತು ಎಂದು ವಾದಿಸುವವರೂ ಇರಬಹುದು. ಆದರೆ ಲಕ್ಕಮ್ಮನ ವಚನಗಳನ್ನು ಓದಿದ ಯಾರಿಗೂ ಮೊಂಡಾದ ಅನುಭವ ಆಗುವುದಿಲ್ಲ.

ಮೋಳಿಗೆಯ ಮಾರಯ್ಯನಲ್ಲಿ ಚಿತ್ರ ಪೂರ್ತಿಯಾಗುತ್ತದೆ, ತುಸು ಬೇರೆ ಬಣ್ಣದಲ್ಲಿ. ಅವನು ಕಾಶ್ಮೀರದ ಅರಸುತನ ಬಿಟ್ಟು, ಹೆಂಡತಿ ಮಹಾದೇವಿಯೊಂದಿಗೆ ಬಂದು ಕಲ್ಯಾಣದಲ್ಲಿ ಸೌದೆ ಹೊತ್ತವನೆಂಬುದು ಐತಿಹ್ಯ. ಬಸವಣ್ಣ ಜಂಗಮನ ವೇಷದಲ್ಲಿ ಅವನ ಗುಡಿಸಲಿಗೆ ಹೋಗಿ, ಮಹಾದೇವಿ ಬಡಿಸಿದ ಅಂಬಲಿ ಕುಡಿದು, ಯಾರಿಗೂ ಕಾಣದಂತೆ ಹೊನ್ನಿನ ಗಂಟು ಇಟ್ಟು ಬರುತ್ತಾನೆ. ಸಂಜೆ ಬಂದ ಮಾರಯ್ಯ ಗಂಟು ನೋಡಿ ಕೆರಳುತ್ತಾನೆ. ಇಲ್ಲಿ ಕತೆ ಪವಾಡಕ್ಕೆ ಶರಣಾಗುತ್ತದೆ: ಸೌದೆಯನ್ನೇ ಹೊನ್ನಾಗಿಸಿ ಮಾರಯ್ಯ ಜಂಗಮರಿಗೆ ಹಂಚುತ್ತಾನೆ. ಲಕ್ಕಮ್ಮನ ಬಿಗಿ ಇದಕ್ಕಿಲ್ಲ, ಯಾಕೆಂದರೆ ಪವಾಡ ಮಾಡಬಲ್ಲವನ ನಿರಾಕರಣೆಗೆ ಹಸಿವಿನ ಅಂಜಿಕೆಯಿಲ್ಲ. ಆದರೂ ಬಸವಣ್ಣ ಆ ಮನೆಯಲ್ಲಿ ಮಾಡಿದ ಎರಡು ಕೆಲಸಗಳನ್ನು ಕತೆ ಬೇರೆಬೇರೆಯಾಗಿಯೇ ತೂಗುತ್ತದೆ. ಹೊನ್ನು ಇಟ್ಟದ್ದಕ್ಕೆ ಮಾರಯ್ಯನ ಆಕ್ಷೇಪವಿದೆ. ಅಂಬಲಿ ಕುಡಿದದ್ದಕ್ಕೆ ಯಾವ ಆಕ್ಷೇಪವೂ ಇಲ್ಲ.